ಕದ್ದು ಕಟ್ಟಿದ ಟರ್ಬೊ

ರಾತ್ರಿ ಹನ್ನೊಂದು ದಾಟಿದ ಮೇಲೆ ಹಿಮಾಯತ್‌ನಗರದ ಮೇನ್ ರೋಡಿನಲ್ಲಿ ತಳ್ಳುಗಾಡಿಯವರು ಮನೆಗೆ ಹೊರಡುತ್ತಾರೆ. ಮಿರ್ಚಿ ಬಜ್ಜಿಯ ಬಾಣಲೆ ಮುಚ್ಚಿ, ಗ್ಯಾಸ್ ಸಿಲಿಂಡರು ಕಟ್ಟಿ, ಗಾಡಿಯನ್ನು ರಸ್ತೆಯ ಆಚೆಗೆ ದಬ್ಬುತ್ತಾರೆ. ಹಾಗೆ ದಬ್ಬುತ್ತಿದ್ದ ಒಬ್ಬ ಮುದುಕರ ಮುಂದೆ ನಮ್ಮ ಕಾರು ನಿಂತಾಗ ಬಂಪರಿಗೂ ಅವರ ಸಿಲಿಂಡರಿಗೂ ನಡುವೆ ಉಳಿದದ್ದು ಒಂದು ಗೇಣು ಜಾಗ. ಟ್ಯಾಂಕ್‌ಬಂಡಿನ ಕಡೆಯಿಂದ ಲಿಬರ್ಟಿ ದಾಟಿ ಬರುತ್ತಿದ್ದೆವು. ಗಾಡಿ ಓಡಿಸುತ್ತಿದ್ದವನು ನಾನು. ಬ್ರೇಕ್ ಪೆಡಲ್ಲು ಕಲ್ಲಿನಂತೆ ಗಟ್ಟಿಯಾಗಿತ್ತು, ಎರಡು ಕಾಲು ಇಟ್ಟು ತುಳಿದರೂ ಗಾಡಿ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಮುದುಕರು ಬಯ್ಯಲಿಲ್ಲ. "ದೇಖ್ ಕೆ ಬೇಟಾ" ಅಂದು ಗಾಡಿ ದಬ್ಬಿಕೊಂಡು ಹೋದರು. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ.

ಕಾರು 1967ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ರಾಯಚೂರಿನ ನಾನು, ಹುಬ್ಬಳ್ಳಿಯವನೊಬ್ಬ, ಪುತ್ತೂರಿನವನೊಬ್ಬ, ಒಂದೇ ಫ್ಲ್ಯಾಟಿನಲ್ಲಿರುವ ನಾವು ಮೂವರು ಸೇರಿ ಕೊಂಡದ್ದು. ಅದಕ್ಕೆ ನಾವೇ ಒಂದು ಟರ್ಬೊ ಕಟ್ಟಿದ್ದೆವು. ಮೂರು ವಾರ ಓಡಿತು. ನಾಲ್ಕನೇ ವಾರದ ಶುರುವಿನಲ್ಲಿ ಈ ಮುದುಕರು ಸಿಕ್ಕರು.

ಈ ಕಥೆ ಹೇಳಿದಾಗಲೆಲ್ಲ ಎರಡು ಬಗೆಯ ಜನ ಎರಡು ಮಾತು ಹೇಳುತ್ತಾರೆ. ಒಬ್ಬರು, "ಹಳೇ ಗಾಡಿ ಅಂದ್ರೆ ದೇವರ ಹಾಗೆ, ಅದನ್ನ ಮುಟ್ಟಿದ್ದೇ ತಪ್ಪು" ಅನ್ನುವವರು. ಇನ್ನೊಬ್ಬರು, "ಏನಾಗಲ್ಲ ಗುರು, ಬ್ರೇಕ್ ಶೂ ಬದಲಾಯಿಸಿ ಓಡಿಸು" ಅನ್ನುವವರು. ಇಬ್ಬರ ಜೊತೆಗೂ ನನಗೆ ಜಗಳವಿದೆ. ಆದರೆ ದೊಡ್ಡ ಜಗಳ ಇರುವುದು ಇವರಿಬ್ಬರ ಹಿಂದೆ ಸುಮ್ಮನೆ ಕೂತಿರುವ ಮೂರನೆಯವರ ಜೊತೆ, ಅಂದರೆ ನಮ್ಮ ಕಾನೂನಿನ ಜೊತೆ. ನನ್ನ ವಾದ ಇಷ್ಟೇ: ಹಳೆಯ ಕಾರಿಗೆ ಟರ್ಬೊ ಕಟ್ಟುವುದು ಅಪರಾಧ ಆಗಬಾರದು, ಅದನ್ನು ಯಾರಿಗೂ ತೋರಿಸದೆ ರಸ್ತೆಗೆ ಇಳಿಸುವುದು ಅಪರಾಧ ಆಗಬೇಕು. ಇವತ್ತು ನಮ್ಮಲ್ಲಿ ಕಟ್ಟುವುದೇ ಅಪರಾಧ, ಹಾಗಾಗಿ ತೋರಿಸುವ ದಾರಿಯೇ ಇಲ್ಲ. ಕದ್ದು ಮಾಡುವ ಕೆಲಸ ಕೆಟ್ಟ ಕೆಲಸವಾಗುತ್ತದೆ. ನಮ್ಮದೂ ಆಯಿತು.

ಹೆರಾಲ್ಡ್ ಸ್ಪೋರ್ಟ್ಸ್ ಕಾರೇ ಅಲ್ಲವಲ್ಲ ಅಂತ ಮೂಗು ಮುರಿಯುವವರಿಗೆ ಮೊದಲು ಒಂದು ಮಾತು. ಟ್ರಯಂಫ್ ಕಂಪನಿ 1962ರಲ್ಲಿ ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರು ತಂದಾಗ ಅದರ ಅಡಿಯಲ್ಲಿದ್ದದ್ದು ಇದೇ ಹೆರಾಲ್ಡಿನ ಚಾಸಿಯನ್ನು ಮೊಟಕು ಮಾಡಿ ಮಾಡಿದ್ದು. ಎರಡನ್ನೂ ಚಿತ್ರಿಸಿದವನು ಇಟಲಿಯ ಮಿಕೆಲೊಟ್ಟಿ. ಅಸಲಿ ಸ್ಪಿಟ್‌ಫೈರ್ ನಮ್ಮಂಥವರ ಕೈಗೆ ಬರುವುದಿಲ್ಲ. ಮದರಾಸಿನಲ್ಲಿ ತಯಾರಾದ ಹೆರಾಲ್ಡ್ ಬರುತ್ತದೆ. ಬಾನೆಟ್ಟು, ಎರಡೂ ಮಡ್‌ಗಾರ್ಡು ಸಮೇತ ಇಡೀ ಮುಂಭಾಗ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಕೈಗೆ ಮಸಿ ಮಾಡಿಕೊಳ್ಳಲು ಇಷ್ಟಪಡುವವನನ್ನು ಬಾ ಅಂತ ಕರೆಯುವ ಕಾರು ಅದು.

ಈಗ ದೇವರ ಹಾಗೆ ಅನ್ನುವವರ ಮಾತಿಗೆ ಬರೋಣ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿದವರಿಗೆ ಮೂಲರೂಪ ಅಂದರೇನು ಅಂತ ನಾನು ಹೇಳಬೇಕಿಲ್ಲ. ಹೈದರಾಬಾದಿನ ನಿಜಾಮರ 1912ರ ರೋಲ್ಸ್ ರಾಯ್ಸ್‌ಗೆ ಯಾರಾದರೂ ಟರ್ಬೊ ಹಾಕಹೊರಟರೆ ಅವರ ಕೈ ಹಿಡಿದು ತಡೆಯುವವರಲ್ಲಿ ನಾನೇ ಮೊದಲಿಗ. ಒಂದೇ ಒಂದು ಇರುವ ವಸ್ತು ನಮ್ಮೆಲ್ಲರದು, ಅದನ್ನು ಕೆಡಿಸುವ ಹಕ್ಕು ಕೊಂಡವನಿಗೂ ಇಲ್ಲ. ಆದರೆ ನಮ್ಮ ಹೆರಾಲ್ಡು ನಾಲ್ಕು ಕೈ ಬದಲಿ ಬಂದದ್ದು. ಅದರ ರೇಡಿಯೇಟರು ಬೇರೆ ಯಾವುದೋ ಗಾಡಿಯದು, ವೈರಿಂಗು ಮೂರು ಬಣ್ಣದ್ದು, ಸೀಟು ರೆಕ್ಸಿನ್ನಿನದು. ಅರವತ್ತು ವರ್ಷ ಅದನ್ನು ಓಡುವಂತೆ ಇಟ್ಟವರು ಮೆಕ್ಯಾನಿಕ್ಕುಗಳು, ಸಿಕ್ಕ ಸಾಮಾನು ಸಿಕ್ಕ ಹಾಗೆ ಜೋಡಿಸಿ. ಸಾಮಾನು ಬಾರದ ಕಾಲದಲ್ಲಿ ಜೋಡಿಸಿದ್ದೆಲ್ಲ ಮೂಲರೂಪ, ನಾವು ಜೋಡಿಸಿದ್ದು ಮಾತ್ರ ಮೈಲಿಗೆ ಅಂದರೆ ಅದು ಯಾವ ನ್ಯಾಯ?

ಈ ಊರಿಗಂತೂ ಕೈಮಾಡುವವರ ಪರಂಪರೆ ಇದೆ. ಹಿಮಾಯತ್‌ನಗರದ ಹೆಸರು ಕೊನೆಯ ನಿಜಾಮರ ಹಿರಿಯ ಮಗ ಹಿಮಾಯತ್ ಅಲಿ ಖಾನ್ ಅವರಿಂದ ಬಂದದ್ದು. ಅವರ ಮಗ ಮುಕರಮ್ ಜಾ, 2023ರ ಜನವರಿಯಲ್ಲಿ ತೀರಿಕೊಂಡವರು, ಅರಮನೆಯ ದರ್ಬಾರಿಗಿಂತ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುವುದರಲ್ಲಿ ಸುಖ ಕಂಡವರೆಂದೇ ಹೆಸರಾದವರು. ನೆಹರೂ ಝೂ ಪಾರ್ಕಿನ ಹತ್ತಿರದ ಸುಧಾ ಕಾರ್ಸ್ ಮ್ಯೂಸಿಯಮ್ಮಿಗೆ ಹೋಗಿ ನೋಡಿ: ಬರ್ಗರು, ಕ್ರಿಕೆಟ್ ಬ್ಯಾಟಿನ ಆಕಾರದ ಕಾರುಗಳು, ಎಲ್ಲ ಕೈಯಲ್ಲಿ ಮಾಡಿದ್ದು, ಎಲ್ಲ ಓಡುವಂಥವು. ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಚಪ್ಪಾಳೆ ಹೊಡೆದು ಬರುತ್ತೇವೆ. ಅದೇ ಕೈಕೆಲಸ ನಮ್ಮ ಗಲ್ಲಿಯಲ್ಲಿ ನಡೆದರೆ ಅದಕ್ಕೆ ಬೇರೆ ಹೆಸರು.

ಇನ್ನು 'ಏನಾಗಲ್ಲ ಗುರು' ಅನ್ನುವವರು. ಇವರ ಜೊತೆ ಜಗಳ ಆಡಲು ಟರ್ಬೊ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಅದಕ್ಕೆ ತಕ್ಕ ಪೆಟ್ರೋಲು, ಅದಕ್ಕೆ ತಕ್ಕ ಶಕ್ತಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ತೆಗೆದದ್ದು 1905ರಲ್ಲಿ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟಕ್ಕೆ ಸಾಗಿಸಿ, ಗಾಳಿ ತೆಳುವಾದ ಕಡೆಯೂ ಟರ್ಬೊ ಇದ್ದರೆ ಎಂಜಿನ್ ಸೊರಗುವುದಿಲ್ಲ ಅಂತ ತೋರಿಸಿದ. ವಿದ್ಯೆ ಹಳೆಯದು, ಪುಸ್ತಕಗಳಲ್ಲಿ ಇದೆ, ಗುಟ್ಟೇನಿಲ್ಲ. ಕಟ್ಟಬಹುದು.

ಆದರೆ ಲೆಕ್ಕ ನೋಡಿ. ನಾವು ಇಟ್ಟ ಒತ್ತಡ 0.4 ಬಾರ್. ಸಣ್ಣದು ಅನ್ನಿಸುತ್ತದೆ. 35 ಡಿಗ್ರಿಯ ಗಾಳಿಯನ್ನು ಅಷ್ಟು ಒತ್ತಿದರೆ ಅದು 80 ಡಿಗ್ರಿ ಆಸುಪಾಸಿಗೆ ಬಿಸಿಯಾಗುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ಇನ್ನೂ ಮೇಲೆ. ಬಿಸಿ ಗಾಳಿ, ಹೆಚ್ಚಿದ ಒತ್ತಡ, ಇವೆರಡೂ ಸೇರಿದರೆ ಸ್ಪಾರ್ಕಿನಿಂದ ಹೊತ್ತಿದ ಬೆಂಕಿ ತಲುಪುವ ಮೊದಲೇ ಉಳಿದ ಪೆಟ್ರೋಲು ಅಲ್ಲಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ನಾಕಿಂಗ್ ಅನ್ನುವುದು ಇದನ್ನೇ. ಕೆಲವೇ ನಿಮಿಷ ಹಾಗೆ ಬಡಿದುಕೊಂಡರೂ ಪಿಸ್ಟನ್ ತೂತು. ಅದಕ್ಕೇ ಸ್ಪಾರ್ಕ್ ಹಿಂದೆ ತಳ್ಳಬೇಕು, ಪೆಟ್ರೋಲು ಹೆಚ್ಚು ಕೊಡಬೇಕು. ಕಾರ್ಬ್ಯುರೇಟರಿನ ಒಳಗೇ ಒತ್ತಡದ ಗಾಳಿ ಹೋಗುವಾಗ ಪೆಟ್ರೋಲ್ ಪಂಪಿನ ಒತ್ತಡ ಅದಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಬೇಕಾದ ಹೊತ್ತಿಗೇ ಪೆಟ್ರೋಲು ಬರುವುದಿಲ್ಲ.

ಇದರ ಮೇಲೆ ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲು. ಶುದ್ಧ ಪೆಟ್ರೋಲು ಒಂದು ಪಾಲಿಗೆ ಗಾಳಿ 14.7 ಪಾಲು ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಹೊಸ ಗಾಡಿಯ ಕಂಪ್ಯೂಟರು ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. 1967ರ ಕಾರ್ಬ್ಯುರೇಟರಿಗೆ ಅದು ಗೊತ್ತಿಲ್ಲ. ಅದು ಹಳೆಯ ಅಳತೆಯಲ್ಲೇ ಸುರಿಯುತ್ತದೆ, ಎಂಜಿನ್ನಿಗೆ ಪೆಟ್ರೋಲು ಸಾಲದಾಗುತ್ತದೆ. ಟರ್ಬೊ ಇರುವ ಎಂಜಿನ್ನು ಅರೆಹೊಟ್ಟೆಯಲ್ಲಿ ಓಡಿದರೆ ಕರಗುವುದು ಪಿಸ್ಟನ್ನೇ. ಜೆಟ್ಟು ಬದಲಾಯಿಸದೆ, ಗಾಳಿ-ಪೆಟ್ರೋಲಿನ ಪ್ರಮಾಣ ತೋರಿಸುವ ಮೀಟರು ಹಾಕದೆ 'ಏನಾಗಲ್ಲ' ಅನ್ನುವವನು ನಮಗೆ ಧೈರ್ಯ ಹೇಳುತ್ತಿಲ್ಲ, ತಾನು ಲೆಕ್ಕ ಮಾಡಿಲ್ಲ ಅಂತ ಒಪ್ಪಿಕೊಳ್ಳುತ್ತಿದ್ದಾನೆ.

ನಮ್ಮ ಟರ್ಬೊ ಬಂದದ್ದು ಗುಜರಿಗೆ ಹೋದ ಒಂದು 1.3 ಲೀಟರಿನ ಡೀಸೆಲ್ ಕಾರಿನಿಂದ, ಆರು ಸಾವಿರ ರೂಪಾಯಿಗೆ. ಅಳತೆಗೆ ಸರಿಹೋಗುತ್ತದೆ ಅಂತ ಖುಷಿಪಟ್ಟೆವು. ಡೀಸೆಲ್ಲಿನ ಹೊಗೆಗಿಂತ ಪೆಟ್ರೋಲಿನ ಹೊಗೆ ಪೂರ್ತಿ ಭಾರದಲ್ಲಿ ನೂರು ಡಿಗ್ರಿಗೂ ಹೆಚ್ಚು ಬಿಸಿ ಇರುತ್ತದೆ, ಡೀಸೆಲ್ಲಿಗೆಂದು ಎರಕ ಹೊಯ್ದ ಕವಚ ಅದನ್ನು ಬಹಳ ದಿನ ತಾಳಬೇಕೆಂದಿಲ್ಲ, ಅನ್ನುವುದನ್ನು ಆಮೇಲೆ ಓದಿದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುವ ಆ ಕಡ್ಡಿಯನ್ನು ಹಿಡಿದಿರುವುದು ಬರಿಯ ಎಣ್ಣೆಯ ಪದರ. ಎಣ್ಣೆ ಒಳಗೆ ಹೋಗುವ ಪೈಪು ಸಣ್ಣದಿದ್ದರೆ ನಡೆಯುತ್ತದೆ, ಹೊರಗೆ ಬರುವ ಪೈಪು ದಪ್ಪವಿರಬೇಕು, ಇಳಿಜಾರಿನಲ್ಲಿರಬೇಕು. ನಮ್ಮ ಮೊದಲ ಪೈಪು ಎರಡೂ ಅಲ್ಲ. ಎರಡನೇ ದಿನವೇ ಸೈಲೆನ್ಸರಿನಿಂದ ನೀಲಿ ಹೊಗೆ. ಪುತ್ತೂರಿನವನು "ಇದೆಂಥದು ಮಾರಾಯ, ಸೊಳ್ಳೆಗೆ ಹೊಗೆ ಹಾಕಿದ ಹಾಗೆ" ಅಂದ. ನಕ್ಕೆವು.

ಕಾರ್ಖಾನೆಗಳು ಟರ್ಬೊ ಹಾಕಿದಾಗ ಏನು ಮಾಡಿದವು ಅಂತ ನೋಡಿದರೆ ನಮ್ಮ ನಗು ನಿಲ್ಲುತ್ತದೆ. 1973ರಲ್ಲಿ ಬಿಎಂಡಬ್ಲ್ಯು ತನ್ನ 2002 ಕಾರಿಗೆ ಟರ್ಬೊ ಹಾಕಿ 130 ಅಶ್ವಶಕ್ತಿಯನ್ನು 170ಕ್ಕೆ ಏರಿಸಿತು. ಅದಕ್ಕೆ ಎಂಜಿನ್ನಿನ ಕಂಪ್ರೆಷನ್ನನ್ನು 6.9ಕ್ಕೆ ಇಳಿಸಿತು, ಮುಂದಿನ ಬ್ರೇಕುಗಳನ್ನು ಬದಲಿಸಿತು. ಬ್ರಿಟನ್ನಿನ ಎಂಜಿ ಮೆಟ್ರೊ ಟರ್ಬೊ 1982ರದು. ಹೆರಾಲ್ಡಿನಂತೆಯೇ ಹಳೆಯ ಕಾಲದ, ಕಾರ್ಬ್ಯುರೇಟರಿನ ಎಂಜಿನ್ನು. ಲೋಟಸ್ ಕಂಪನಿಯ ಎಂಜಿನಿಯರುಗಳ ನೆರವು ಪಡೆದು 93 ಅಶ್ವಶಕ್ತಿ ತೆಗೆದರು. ಗೇರ್‌ಬಾಕ್ಸು ತಾಳಲಿಕ್ಕಿಲ್ಲ ಅಂತ ಒತ್ತಡವನ್ನು ಬೇಕೆಂದೇ ಕಡಿಮೆ ಇಟ್ಟರು. ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ 1962ರಲ್ಲೇ ಟರ್ಬೊ ಇಟ್ಟುಕೊಂಡು ಬಂತು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣದ ಒಂದು ಬೇರೆ ಟ್ಯಾಂಕು. ಕೊಂಡವರು ಆ ಟ್ಯಾಂಕು ತುಂಬಿಸುವುದನ್ನೇ ಮರೆತರು. ಕೊನೆಗೆ ಕಂಪನಿಯೇ ಎಷ್ಟೋ ಕಾರುಗಳ ಟರ್ಬೊ ಕಳಚಿ ಸಾದಾ ಕಾರ್ಬ್ಯುರೇಟರು ಕೂರಿಸಿಕೊಡಬೇಕಾಯಿತು. ಜನರಲ್ ಮೋಟರ್ಸಿನಂಥ ಕಂಪನಿಯ ಲೆಕ್ಕವೇ ತಪ್ಪುತ್ತದೆ ಅಂದಮೇಲೆ ನಮ್ಮದು ಸರಿಯಿದೆಯೆಂದು ಯಾರನ್ನು ಕೇಳದೆ ನಂಬುವುದು ಹೇಗೆ?

ಮುಖ್ಯ ಮಾತು ಬ್ರೇಕಿನದು. ಗಂಟೆಗೆ 60 ಕಿ.ಮೀ.ನಲ್ಲಿ ಹೋಗುವ ಗಾಡಿಯನ್ನು ನಿಲ್ಲಿಸುವುದಕ್ಕಿಂತ 80ರಲ್ಲಿ ಹೋಗುವ ಅದೇ ಗಾಡಿಯನ್ನು ನಿಲ್ಲಿಸಲು ಬ್ರೇಕು ಶೇ 78ರಷ್ಟು ಹೆಚ್ಚು ಶಕ್ತಿಯನ್ನು ಬಿಸಿಯಾಗಿ ನುಂಗಬೇಕು. ನಮ್ಮ ಹೆರಾಲ್ಡಿನಲ್ಲಿ ನಾಲ್ಕೂ ಕಡೆ ಡ್ರಮ್ ಬ್ರೇಕು, ಎಣ್ಣೆಯ ಒಂದೇ ಸರ್ಕ್ಯೂಟು, ಕಾಲಿಗೆ ನೆರವಾಗುವ ಬೂಸ್ಟರು ಇಲ್ಲ. ಡ್ರಮ್ಮು ಬಿಸಿಯಾದರೆ ಹಿಡಿತ ಸೋರಿಹೋಗುತ್ತದೆ. ಹಿಂದಿನ ಆಕ್ಸಲ್ಲು ಬೇರೆ ಹಳೆಯ ಸ್ವಿಂಗ್ ಮಾದರಿಯದು. ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಗೆ ಮಡಚಿಕೊಂಡು ಗಾಡಿಯ ಬೆನ್ನು ಜಾರುವ ಸ್ವಭಾವ ಅದಕ್ಕಿದೆ. 948 ಸಿಸಿಯ ಬಡ ಎಂಜಿನ್ನು ಇಷ್ಟು ದಿನ ಈ ದೋಷಗಳನ್ನೆಲ್ಲ ಮರೆಸಿಟ್ಟಿತ್ತು. ನಾವು ಟರ್ಬೊ ಹಾಕಿ ಮರೆಯನ್ನು ತೆಗೆದೆವು. ಆ ರಾತ್ರಿ ಹುಸೇನ್ ಸಾಗರದ ಸುತ್ತ ನಾಲ್ಕು ಸಲ ಓಡಿಸಿ, ನಾಲ್ಕು ಸಲ ಜೋರಾಗಿ ಬ್ರೇಕು ಹಿಡಿದು, ಐದನೆಯ ಸಲಕ್ಕೆ ಮುದುಕರ ಎದುರು ಬಂದೆವು.

ಬ್ರೇಕು ನೋಡದೆ ಇದ್ದದ್ದು ನಮ್ಮದೇ ತಪ್ಪು. ಅದನ್ನು ಯಾವ ಕಾನೂನಿನ ತಲೆಗೂ ಕಟ್ಟುವುದಿಲ್ಲ. ಆದರೆ ಯಾಕೆ ನೋಡಲಿಲ್ಲ ಅನ್ನುವುದಕ್ಕೆ ಒಂದು ಉತ್ತರ ಇದೆ. ನಮಗೆ ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿದ್ದರು: "ಪೈಲೇ ಬ್ರೇಕ್ ದೇಖೋ ಸಾಬ್, ಬಾದ್ ಮೆ ಟರ್ಬೊ." ಬ್ರೇಕಿನ ಹಿಡಿತವನ್ನು ರೋಲರಿನ ಮೇಲೆ ಅಳೆದು ಅಂಕಿ ಹೇಳುವ ಯಂತ್ರ ಈಗ ವಾಹನ ತಪಾಸಣಾ ಕೇಂದ್ರಗಳಲ್ಲಿದೆ. ಅಲ್ಲಿಗೆ ಒಯ್ಯೋಣ ಅಂದೆವು. ಒಯ್ದರೆ ಬಾನೆಟ್ಟು ತೆಗೆಸುತ್ತಾರೆ, ತೆಗೆದರೆ ಟರ್ಬೊ ಕಾಣುತ್ತದೆ. ಅದಕ್ಕೂ ಮೊದಲು ಒಂದು ಸಾರಿಗೆ ಕಚೇರಿಯಲ್ಲಿ, ಹೀಗೊಂದು ಬದಲಾವಣೆ ಮಾಡಿ ಆರ್‌ಸಿಯಲ್ಲಿ ಬರೆಸಿಕೊಳ್ಳಲು ಯಾವ ಅರ್ಜಿ ಅಂತ ಕೇಳಿದ್ದೆ. ಕಿಟಕಿಯ ಆಚೆಗಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಥ ಅರ್ಜಿ ಇಲ್ಲ, ನೀವು ಕೇಳಿದ್ದನ್ನೂ ನಾನು ಕೇಳಿಸಿಕೊಂಡಿಲ್ಲ" ಅಂತ ತೆಲುಗಿನಲ್ಲಿ ಹೇಳಿದರು. ಒಳ್ಳೆಯ ಮನುಷ್ಯರು. ಇದ್ದ ಕಾನೂನನ್ನೇ ಹೇಳಿದರು.

ಕಾನೂನು ಹೀಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕ ತನ್ನ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಶಿಕ್ಷೆಯನ್ನೂ ಹೇಳಿತು: ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾನೂನಿನ ಕಣ್ಣಿನಲ್ಲಿ ನಮ್ಮ ಟರ್ಬೊ ಒಂದು ಬದಲಾವಣೆ. ಅದಕ್ಕೆ ತಕ್ಕಂತೆ ಮುಂದೆ ಡಿಸ್ಕ್ ಬ್ರೇಕು ಹಾಕಿದರೆ, ಅಕ್ಷರಶಃ ಓದಿದರೆ, ಅದೂ ಇನ್ನೊಂದು ಬದಲಾವಣೆ. ಅಪಾಯ ತಂದದ್ದಕ್ಕೂ ಅಪಾಯ ತಗ್ಗಿಸಿದ್ದಕ್ಕೂ ಒಂದೇ ತಕ್ಕಡಿ.

ಹಾಗಂತ ಕಾನೂನು ಎಲ್ಲ ಬದಲಾವಣೆಗೂ ಬಾಗಿಲು ಮುಚ್ಚಿದೆಯೇ? ಇಲ್ಲ. ಅದೇ ಸೆಕ್ಷನ್ನಿನಲ್ಲಿ ಸಿಎನ್‌ಜಿ ಕಿಟ್ ಹಾಕಲು ದಾರಿ ಇದೆ. ಮಂಜೂರಾದ ಕಿಟ್ಟು ಹಾಕಿ ಪೆಟ್ರೋಲ್ ಕಾರನ್ನು ಬ್ಯಾಟರಿಯ ಕಾರನ್ನಾಗಿ ಮಾಡಲು ನಿಯಮಗಳಿವೆ. ಕಾರಿನ ಎಂಜಿನ್ನನ್ನೇ ಕಿತ್ತು ಹಾಕಿ, ನೂರಾರು ಕಿಲೊ ಬ್ಯಾಟರಿ ತುಂಬಿದರೆ ಪರೀಕ್ಷೆ ಮಾಡಿ ಪಾಸು ಮಾಡಬಹುದು. ಇರುವ ಎಂಜಿನ್ನಿಗೆ ಹತ್ತು ಕಿಲೊದ ಟರ್ಬೊ ಜೋಡಿಸಿದರೆ ಪರೀಕ್ಷೆಯೇ ಇಲ್ಲ, ಬರೀ ಶಿಕ್ಷೆ. ಪರೀಕ್ಷೆ ಮಾಡುವ ಬುದ್ಧಿ ಸರ್ಕಾರಕ್ಕೆ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮನಸ್ಸಿಲ್ಲ, ಅಷ್ಟೇ.

ಹಳೆಯ ಕಾರಿಗಂತೂ ಇನ್ನೊಂದು ಕಟ್ಟಲೆ ಇದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿ 'ವಿಎ' ಅಕ್ಷರದ ನಂಬರು ಪಡೆಯಬಹುದು. ಷರತ್ತು ಎರಡು: ಅದು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು, ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಒಪ್ಪತಕ್ಕ ನಿಯಮ. ಧರ್ಮಸ್ಥಳದಂಥ ಸಂಗ್ರಹಕ್ಕೆ ಹೇಳಿ ಮಾಡಿಸಿದ್ದು. ಆದರೆ ಆ ಗುಂಪಿಗೆ ಸೇರದ, ಸೇರಬೇಕೆಂದೂ ಇಲ್ಲದ ಸಾವಿರಾರು ಹಳೆಯ ಗಾಡಿಗಳಿಗೆ ಬೇರೆ ಪಂಕ್ತಿಯೇ ಇಲ್ಲ. ಒಂದೋ ಗಾಜಿನ ಪೆಟ್ಟಿಗೆ, ಇಲ್ಲವೋ ಗುಜರಿ.

ಜರ್ಮನಿಯಲ್ಲಿ ಹಳೆಯ ಕಾರಿಗೆ 1997ರಿಂದ 'ಎಚ್' ಅಕ್ಷರದ ನಂಬರ್ ಪ್ಲೇಟು ಕೊಡುತ್ತಾರೆ. 30 ವರ್ಷ ಆಗಿರಬೇಕು. ಮೂಲರೂಪ ಅಲ್ಲಿಯೂ ಮುಖ್ಯವೇ, ಆದರೆ ಆ ಕಾಲದಲ್ಲಿ ಆ ಗಾಡಿಗೆ ಜನ ಮಾಡಿಸುತ್ತಿದ್ದ ಬದಲಾವಣೆಗಳನ್ನು ಒಪ್ಪುತ್ತಾರೆ. ಇನ್ನು ಯಾವುದೇ ಕಾರಿಗೆ ಬೇರೆ ಎಂಜಿನ್ ಕೂರಿಸಿದರೆ, ಟರ್ಬೊ ಹಾಕಿದರೆ, ಟ್ಯೂಫ್‌ನಂಥ ಸಂಸ್ಥೆಯ ಪರಿಣತರ ಮುಂದೆ ಗಾಡಿ ನಿಲ್ಲಿಸಬೇಕು. ಅವರು ಬ್ರೇಕು, ಹೊಗೆ, ಸದ್ದು ಎಲ್ಲ ನೋಡಿ, ಸರಿಯಿದ್ದರೆ ಬದಲಾವಣೆಯನ್ನು ಗಾಡಿಯ ಕಾಗದದಲ್ಲೇ ಬರೆಯುತ್ತಾರೆ. ಜರ್ಮನರು ಶಿಸ್ತಿಲ್ಲದ ಜನ ಅಂತ ಯಾರೂ ಹೇಳುವುದಿಲ್ಲ. ಅವರ ಶಿಸ್ತು ಇರುವುದೇ ಇಲ್ಲಿ: ಮಾಡು, ಆದರೆ ತಂದು ತೋರಿಸು.

ಇದಕ್ಕೆ ಬರುವ ಆಕ್ಷೇಪಗಳು ನನಗೂ ಗೊತ್ತು. ಮೊದಲನೆಯದು ಭಾರವಾದದ್ದು. ಸರ್ಕಾರದ್ದೇ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇಂಥ ದೇಶದಲ್ಲಿ ಗಾಡಿಯ ವೇಗ ಹೆಚ್ಚಿಸುವ ಹವ್ಯಾಸಕ್ಕೆ ಸರ್ಕಾರ ಮುದ್ರೆ ಒತ್ತಬೇಕೆ? ಆ ಮುದುಕರ ಮುಖ ನೋಡಿದ ಮೇಲೆ ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಲಾರೆ. ನಿಷೇಧ ಇದ್ದಾಗಲೇ ನಾವು ಕಟ್ಟಿದೆವು, ನಿಷೇಧ ಇದ್ದಾಗಲೇ ಅವರ ಮುಂದೆ ಬಂದೆವು. ನಿಷೇಧ ಟರ್ಬೊವನ್ನು ತಡೆಯಲಿಲ್ಲ. ಬ್ರೇಕಿನ ಪರೀಕ್ಷೆಯನ್ನು ತಡೆಯಿತು. ನನಗೆ ಬೇಕಾದದ್ದು ವೇಗಕ್ಕೆ ಮುದ್ರೆಯಲ್ಲ. ನಿಲ್ಲಲಾಗದ ಗಾಡಿಯನ್ನು "ಇದು ರಸ್ತೆಗೆ ಬೇಡ" ಅಂತ ನಮಗೆ ಹೇಳಬಲ್ಲ ಒಬ್ಬ ಮನುಷ್ಯ, ಒಂದು ಯಂತ್ರ.

ಎರಡನೆಯ ಆಕ್ಷೇಪ ನಮ್ಮ ಹುಬ್ಬಳ್ಳಿಯವನದು. "ಲೇ, ಆರ್‌ಟಿಒದಾಗ ಇನ್ನೊಂದ್ ಕಿಟಕಿ ತೆರದ್ರ ಇನ್ನೊಂದ್ ಲಂಚದ ಕಿಟಕಿ ತೆರದಂಗ." ಮಾತು ಸುಳ್ಳಲ್ಲ. ಆದರೆ ರೋಲರಿನ ಮೇಲೆ ಬ್ರೇಕು ಅಳೆಯುವ ಯಂತ್ರ ಅಂಕಿಯನ್ನು ಕಾಗದದ ಮೇಲೆ ಮುದ್ರಿಸಿ ಕೊಡುತ್ತದೆ. ಹೊಗೆ ಅಳೆಯುವ ಯಂತ್ರವೂ ಹಾಗೆಯೇ. ಅಂಕಿ ಮುದ್ರಿಸಿದ ಕಡೆ ಲಂಚಕ್ಕೆ ಜಾಗ ಕಡಿಮೆ. ಎಲ್ಲವೂ ನಿಷಿದ್ಧವಾದ ಕಡೆ, ದಾರಿಯಲ್ಲಿ ಗಾಡಿ ನಿಲ್ಲಿಸಿ ಬಾನೆಟ್ಟು ತೆಗೆಸಿದವನ ಮರ್ಜಿಯೇ ಕಾನೂನು. ಯಾವುದರಲ್ಲಿ ಲಂಚ ಹೆಚ್ಚು?

ಮೂರನೆಯದು, ಇಷ್ಟು ಆಸೆಯಿದ್ದರೆ ರೇಸ್ ಟ್ರ್ಯಾಕಿಗೆ ಹೋಗಿ ಅನ್ನುವುದು. ಸರಿಯಾದ ಮಾತು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಇಟ್ಟು ರೇಸ್ ಕಾರುಗಳನ್ನು ಕಟ್ಟಿದರು, ಆ ಫಾರ್ಮುಲಾ ಮಾರುತಿಯಲ್ಲಿ ನಮ್ಮ ಹುಡುಗರು ಓಡಿಸಲು ಕಲಿತರು. ಕೈಕೆಲಸಕ್ಕೆ ಒಂದು ಅಂಗಳ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅದು ಉದಾಹರಣೆ. ಹೈದರಾಬಾದಿನಲ್ಲಿ ಆ ಅಂಗಳ ಎಲ್ಲಿದೆ? 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯ ರಸ್ತೆಗಳನ್ನು ಮುಚ್ಚಿ 2.8 ಕಿ.ಮೀ. ಟ್ರ್ಯಾಕು ಮಾಡಿ ಫಾರ್ಮುಲಾ ಇ ರೇಸು ನಡೆಸಿದರು. ನಮ್ಮ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ದೂರ. ಹೋಗಿ ನೋಡಿದೆವು, ಕೂಗಿದೆವು. ಮರುವರ್ಷದ ರೇಸು ರದ್ದಾಯಿತು. ಪ್ರಪಂಚದ ಕಾರುಗಳಿಗೆ ಊರಿನ ನಡುವೆ ಟ್ರ್ಯಾಕು ಕಟ್ಟಬಲ್ಲ ಊರು, ಊರ ಹೊರಗೆ ಒಂದು ಖಾಲಿ ಜಾಗದಲ್ಲಿ ತಿಂಗಳಿಗೊಂದು ಭಾನುವಾರ ಹೆಲ್ಮೆಟ್ಟು, ಆಂಬುಲೆನ್ಸು, ಶುಲ್ಕದ ರಸೀದಿ ಇಟ್ಟು ನಮ್ಮಂಥವರಿಗೆ ಬಿಡಲಾರದೆ?

ನಾನು ಕೇಳುವುದು ದೊಡ್ಡದಲ್ಲ. 20 ವರ್ಷ ದಾಟಿದ ಖಾಸಗಿ ಕಾರಿಗೆ ಒಂದು ಅರ್ಜಿ ಇರಲಿ. ಮಾಡುವ ಮೊದಲೇ ಏನು ಮಾಡುತ್ತೇನೆಂದು ಬರೆದುಕೊಡಬೇಕು. ಮೂಲ ಸಾಮಾನನ್ನು ಬಿಸಾಡದೆ ಇಡಬೇಕು, ಚಾಸಿಯನ್ನು ಕೊಯ್ಯಬಾರದು, ನಾಳೆ ಬೇರೆಯವರು ಹಿಂದಿನಂತೆ ಮಾಡಿಕೊಳ್ಳುವಂತಿರಬೇಕು. ಒತ್ತಡಕ್ಕೆ ಒಂದು ಮಿತಿ ಹಾಕಲಿ. ಹೆಚ್ಚಿದ ಶಕ್ತಿಗೆ ತಕ್ಕ ಬ್ರೇಕು, ಟೈರು ಇಲ್ಲದೆ ಅರ್ಜಿಯೇ ಮುಂದೆ ಹೋಗಬಾರದು. ಅರ್ಹ ಎಂಜಿನಿಯರ ಸಹಿ, ತಪಾಸಣಾ ಕೇಂದ್ರದ ಬ್ರೇಕು ಮತ್ತು ಹೊಗೆಯ ಅಂಕಿ, ಅದಾದ ಮೇಲೆ ಆರ್‌ಸಿಯಲ್ಲಿ ಒಂದು ಸಾಲು. ಆ ಸಾಲು ಇದ್ದರೆ ವಿಮೆ ಕಂಪನಿಗೂ ಸುಳ್ಳು ಹೇಳಬೇಕಿಲ್ಲ. ಪ್ರತಿ ವರ್ಷ ಮತ್ತೆ ತೋರಿಸಬೇಕು. ಇಷ್ಟಾದ ಮೇಲೂ ಕದ್ದು ಓಡಿಸಿದವನಿಗೆ 5,000 ಅಲ್ಲ, 50,000 ದಂಡ ಹಾಕಿ. ನಾನು ಒಂದು ಮಾತು ಆಡುವುದಿಲ್ಲ.

ಇದನ್ನು ಓದುವವರಲ್ಲಿ ಹೆಚ್ಚಿನವರು ಕಾರು ಕಟ್ಟುವವರಲ್ಲ, ಗೊತ್ತು. ಸಾಫ್ಟ್‌ವೇರಿನವರಿದ್ದೀರಿ, ಅಶೋಕನಗರದ ಕೋಚಿಂಗ್ ಕ್ಲಾಸುಗಳಿಗೆ ಬರುವವರಿದ್ದೀರಿ, ನಾಳೆ ಐಎಎಸ್ ಆಗಿ ಇಂಥದೇ ಒಂದು ಕಿಟಕಿಯ ಆಚೆ ಕೂರುವವರೂ ಇದ್ದೀರಿ. ನಿಮಗೆ ಒಂದು ಕೋರಿಕೆ. ಬೇರೊಂದು ಊರಿನಲ್ಲಿ ಬದುಕುವ ನಮಗೆಲ್ಲ ಕಿಟಕಿಯ ಮುಂದೆ ನಿಂತು "ಅಂಥ ಅರ್ಜಿ ಇಲ್ಲ" ಅನ್ನಿಸಿಕೊಂಡ ಅನುಭವ ಇದೆ. ಬಾಡಿಗೆ ಕರಾರಿಗೆ, ವಿಳಾಸ ಬದಲಿಗೆ, ಗಾಡಿಯ ಎನ್‌ಒಸಿಗೆ. ಅರ್ಜಿ ಇಲ್ಲದ ಕಡೆ ನಾವು ಏಜೆಂಟನ್ನು ಹುಡುಕುತ್ತೇವೆ, ಇಲ್ಲವೇ ಸುಮ್ಮನೆ ಕದ್ದು ನಡೆಸುತ್ತೇವೆ. ಕಾಗದದ ವಿಷಯದಲ್ಲಿ ಅದರಿಂದ ಹಾಳಾಗುವುದು ನಮ್ಮ ದುಡ್ಡು, ಸಮಯ. ಗಾಡಿಯ ವಿಷಯದಲ್ಲಿ ಹಾಳಾಗುವುದು ಬಜ್ಜಿಯ ಗಾಡಿ ದಬ್ಬುವವರ ಕಾಲು. ಅವರಿಗೆ ನಮ್ಮ ಟರ್ಬೊದಿಂದ ಮೂರು ಕಾಸಿನ ಸುಖವೂ ಇರಲಿಲ್ಲ.

ಮರುದಿನ ಭಾನುವಾರ ಉಸ್ತಾದರ ಮುಂದೆ ಹೋಗಿ ನಡೆದದ್ದು ಹೇಳಿದೆವು. ಅವರು ಹಿಂದಿನ ಎರಡೂ ಡ್ರಮ್ಮು ಬಿಚ್ಚಿ ಶೂಗಳನ್ನು ನಮ್ಮ ಕೈಗೆ ಕೊಟ್ಟರು. ಮೇಲ್ಮೈ ಸುಟ್ಟು ಗಾಜಿನ ಹಾಗೆ ಹೊಳೆಯುತ್ತಿತ್ತು. ಟರ್ಬೊ ಕಳಚಲು ನಮಗೆ ಎರಡು ವಾರ ಬೇಕಾಗಿದ್ದ ಕೆಲಸವನ್ನು ಅವರು ಸಂಜೆಯೊಳಗೆ ಮಾಡಿ ಮುಗಿಸಿದರು. ಕೂಲಿ ತೆಗೆದುಕೊಳ್ಳಲಿಲ್ಲ.

ಟರ್ಬೊ ಈಗ ಫ್ಲ್ಯಾಟಿನ ಅಟ್ಟದ ಮೇಲೆ ಸೋನಾಮಸೂರಿ ಚೀಲದ ಪಕ್ಕದಲ್ಲಿದೆ, ಪ್ಲಾಸ್ಟಿಕ್ ಸುತ್ತಿ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹುಡುಕುತ್ತಿದ್ದೇವೆ. ಸಿಕ್ಕರೂ ಅದನ್ನು ಯಾರಿಗೆ ತೋರಿಸಿ ಪಾಸು ಮಾಡಿಸಬೇಕು ಅಂತ ಗೊತ್ತಿಲ್ಲ. ಹೆರಾಲ್ಡು ತನ್ನ 948 ಸಿಸಿಯಲ್ಲೇ ಹಿಮಾಯತ್‌ನಗರದ ಗಲ್ಲಿಗಳಲ್ಲಿ ನಿಧಾನಕ್ಕೆ ಓಡುತ್ತಿದೆ. ಮುದುಕರ ಬಂಡಿ ಅದೇ ಜಾಗದಲ್ಲಿ ನಿಲ್ಲುತ್ತದೆ. ವಾರಕ್ಕೆರಡು ಸಲ ಬಜ್ಜಿ ತೆಗೆದುಕೊಳ್ಳುತ್ತೇನೆ. ಆ ರಾತ್ರಿಯ ಗಾಡಿ ನನ್ನದೇ ಅಂತ ಇನ್ನೂ ಅವರಿಗೆ ಹೇಳಿಲ್ಲ.